ಮೈಸೂರಿನ ಹಳೇ ‘ಆಕಾಶವಾಣಿ’: ಎಷ್ಟು ವ್ಯಾಟ್, ಎಷ್ಟು ದೂರ, ಬೆಂಗಳೂರಿಗೆ ಯಾಕೆ ಬಂತು?

ಬಸವನಗುಡಿ_ಕಡತ

ನಮ್ಮ ಬಡಾವಣೆಯ ಇತಿಹಾಸ ಕೂಟದ ಪ್ರದರ್ಶನಕ್ಕೆ ಮೈಸೂರಿನ ಮೊದಲ ರೇಡಿಯೋ ನಿಲಯದ ಬಗ್ಗೆ ಎರಡು ಪುಟದ ಫಲಕ ತಯಾರಾಗುತ್ತಿದೆ. ಕರಡು ಹೀಗಿದೆ. ತಪ್ಪು ಕಂಡಲ್ಲಿ ಮುಲಾಜಿಲ್ಲದೆ ಕತ್ತರಿ ಹಾಕಿ.

“1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠಲ ವಿಹಾರ’ದಿಂದ ಭಾರತದ ಮೊಟ್ಟಮೊದಲ ರೇಡಿಯೋ ಪ್ರಸಾರ ಆರಂಭಿಸಿದರು. ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಿಟ್ಟರು. ಪುಟ್ಟ ಟ್ರಾನ್ಸ್‌ಮಿಟರ್ ಆದರೂ ಪ್ರಸಾರ ದೇಶದ ಮೂಲೆಮೂಲೆಗೆ ಕೇಳಿಸುತ್ತಿತ್ತು. 1955ರಲ್ಲಿ ನಿಲಯ ಮುಚ್ಚಿತು.”

ಫಲಕದ ಪಕ್ಕದಲ್ಲಿ ಒಂದು ಹಳೇ ರೇಡಿಯೋ ಇಟ್ಟು ನಿಜವಾದ ಮೀಡಿಯಂ ವೇವ್, ಅಂದರೆ ಹಳೇ ನಮೂನೆಯ ಎಎಂ ಪ್ರಸಾರ ಕೇಳಿಸಬೇಕು ಅಂತಲೂ ಇದೆ. ಸಭಾಂಗಣ ಕಾಂಕ್ರೀಟಿನದು, ಒಳಗೆಲ್ಲ ಎಲ್‌ಇಡಿ ದೀಪ. ಇದಕ್ಕೇನು ಮಾಡಬೇಕು ಅಂತ ಬಲ್ಲವರು ಹೇಳಬೇಕು.

ಕ್ಯೂಶೀಟ್

ಮೊದಲ ಸಾಲಿನಲ್ಲೇ ‘ಮೊಟ್ಟಮೊದಲ’ ತೆಗೆಯಿರಿ ಸರ್. ಮದರಾಸಿನ ರೇಡಿಯೋ ಕ್ಲಬ್ 1924ರ ಜುಲೈನಲ್ಲೇ ಪ್ರಸಾರ ಶುರು ಮಾಡಿತ್ತು. ದುಡ್ಡಿಲ್ಲದೆ 1927ರಲ್ಲಿ ನಿಂತಿತು, 1930ರಲ್ಲಿ ಅಲ್ಲಿನ ಕಾರ್ಪೊರೇಷನ್ ಮತ್ತೆ ನಡೆಸಿತು. ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಮುಂಬೈ ನಿಲಯ 1927ರ ಜುಲೈ 23ರಂದು, ಕಲ್ಕತ್ತಾ ನಿಲಯ ಅದೇ ಆಗಸ್ಟ್‌ನಲ್ಲಿ ಬಂದವು.

ಮೈಸೂರಿನ ಹೆಚ್ಚುಗಾರಿಕೆ ಬೇರೆ ಇದೆ. ಕಂಪನಿ ಅಲ್ಲ, ಕ್ಲಬ್ ಅಲ್ಲ, ಒಬ್ಬ ಮೇಷ್ಟ್ರು ತಮ್ಮ ಮನೆಯಲ್ಲಿ ನಿಲಯ ಕಟ್ಟಿ ಊರಿಗೆ ಕೇಳಿಸಿದರು. ಆಮೇಲೆ ಪುರಸಭೆ ಕೈಜೋಡಿಸಿತು, ನಲವತ್ತರ ದಶಕದ ಆರಂಭದಲ್ಲಿ ಸಂಸ್ಥಾನದ ಸರ್ಕಾರ ವಹಿಸಿಕೊಂಡಿತು. ಇಷ್ಟು ಬರೆದರೆ ಸಾಕು. ಇರುವುದೇ ಬೇಕಾದಷ್ಟು ದೊಡ್ಡದಾಗಿರುವಾಗ ಇಲ್ಲದ ಕಿರೀಟ ಯಾಕೆ?

ಹೆಸರಿನ ವಿಷಯ. ‘ಆಕಾಶವಾಣಿ’ ಮೈಸೂರು ನಿಲಯದ ಹೆಸರಾಗಿ ಮೊದಲು ಚಾಲ್ತಿಗೆ ಬಂದದ್ದು ನಿಜ. ಹೆಸರು ಸೂಚಿಸಿದವರು ಲೇಖಕ ನಾ. ಕಸ್ತೂರಿ ಅಂತ ಹಲವರು ಬರೆದಿದ್ದಾರೆ, ಗೋಪಾಲಸ್ವಾಮಿಯವರ ಹೆಸರನ್ನು ಹೇಳುವವರೂ ಇದ್ದಾರೆ. ಹಾಗಾಗಿ ‘ಹೆಸರಿಟ್ಟರು’ ಅನ್ನುವ ಬದಲು ‘ಆಕಾಶವಾಣಿ ಎಂಬ ಹೆಸರಿನಲ್ಲಿ’ ಅಂದರೆ ಯಾರಿಗೂ ಜಗಳ ಇಲ್ಲ. ಟಾಗೋರರ ಪದ್ಯದಿಂದ ಬಂತು ಎಂದು ಯಾರಾದರೂ ಬಂದರೆ ಒಂದೇ ಉತ್ತರ: ಆ ಪದ್ಯ ಕಲ್ಕತ್ತಾದ ಶಾರ್ಟ್‌ವೇವ್ ಪ್ರಸಾರಕ್ಕೆಂದು ಬಂದದ್ದು 1938ರಲ್ಲಿ. ಮೈಸೂರಿನದು ಮೂರು ವರ್ಷ ಮೊದಲು.

ಕಾಲು_ತರಂಗ

‘ದೇಶದ ಮೂಲೆಮೂಲೆಗೆ’ ಅನ್ನುವುದನ್ನೂ ತೆಗೆಯಿರಿ. ಮೊದಲ ಟ್ರಾನ್ಸ್‌ಮಿಟರ್ ನೂರು ವ್ಯಾಟಿಗೂ ಕಡಿಮೆ ಶಕ್ತಿಯದು. ಒಂದು ಹಳೇ ಕಾಲದ ಟೇಬಲ್ ಫ್ಯಾನ್ ತಿನ್ನುವಷ್ಟು ಕರೆಂಟು. ಆಮೇಲೆ ತರಿಸಿದ್ದು 250 ವ್ಯಾಟಿನದು. ಇದು ಊರಿನ ನಿಲಯ, ನಾಡಿನದಲ್ಲ. ಯಾಕೆ ಅಂತ ಲೆಕ್ಕ ಸಮೇತ ನೋಡೋಣ, ಫಲಕದಲ್ಲಿ ಒಂದು ಮೂಲೆಗೆ ಹಾಕಬಹುದು.

ಒಳ್ಳೆಯ ಅರ್ತಿಂಗ್ ಇರುವ ಸಾಧಾರಣ ಕಂಬದಿಂದ 1 ಕಿಲೋವ್ಯಾಟ್ ಬಿಟ್ಟರೆ 1 ಕಿಲೋಮೀಟರ್ ದೂರದಲ್ಲಿ ಸುಮಾರು 300 ಮಿಲಿವೋಲ್ಟ್ ಪ್ರತಿ ಮೀಟರ್ ಬಲ ಸಿಗುತ್ತದೆ. ಇದು ಶಕ್ತಿಯ ವರ್ಗಮೂಲದ ಮೇಲೆ ಹೋಗುವ ಲೆಕ್ಕ. 250 ವ್ಯಾಟ್ ಅಂದರೆ ಕಾಲು ಪಾಲು, ಅದರ ವರ್ಗಮೂಲ ಅರ್ಧ, ಅಂದರೆ 150 ಮಿಲಿವೋಲ್ಟ್. 10 ಕಿಲೋಮೀಟರಿಗೆ ಹೋದರೆ ನೆಲ ಏನೂ ನುಂಗದಿದ್ದರೂ 15. ನಮ್ಮ ಕಡೆ ನೆಲ ಚೆನ್ನಾಗಿಯೇ ನುಂಗುತ್ತದೆ. ಕೆಂಪು ಮಣ್ಣು, ಕೆಳಗೆ ಕಗ್ಗಲ್ಲು. ಒಣಗಿದ ಬಂಡೆಯಲ್ಲಿ ವಿದ್ಯುತ್ ಹರಿಯುವುದು ಕಡಿಮೆ, ಹಾಗಾಗಿ ನೆಲ ಹಿಡಿದು ಸಾಗುವ ಅಲೆ ಬೇಗ ಸೊರಗುತ್ತದೆ. ಕರಾವಳಿಯ ನಿಲಯವೊಂದು ಅಷ್ಟೇ ಶಕ್ತಿಯಲ್ಲಿ ಉಪ್ಪುನೀರಿನ ಮೇಲೆ ಎಷ್ಟೋ ದೂರ ಹೋಗುವುದು ಇದೇ ಕಾರಣಕ್ಕೆ.

ಈಗ ಹೋಲಿಕೆ. ಬೆಂಗಳೂರಿನ 612 ಕಿಲೋಹರ್ಟ್ಸ್ ನಿಲಯ 200 ಕಿಲೋವ್ಯಾಟ್. ಮೈಸೂರಿನ 250 ವ್ಯಾಟಿನ 800 ಪಟ್ಟು. ಆದರೆ ಬಲ ಹೆಚ್ಚುವುದು ಸುಮಾರು 28 ಪಟ್ಟು ಮಾತ್ರ. ಕರೆಂಟ್ ಬಿಲ್ಲು 800 ಪಟ್ಟು, ಪ್ರಯೋಜನ 28 ಪಟ್ಟು. ಮೀಡಿಯಂ ವೇವ್ ವ್ಯವಹಾರ ಇರುವುದೇ ಹೀಗೆ.

ಮಲ್ಲೇಶ್ವರಂ_ಮಿಡ್‌ವೇವ್

ರಾತ್ರಿ ಹೊತ್ತು ದೂರ ಹೋಗುತ್ತಿತ್ತಲ್ಲ ಸರ್? ಐವತ್ತು ವ್ಯಾಟಿನ ಪ್ರಸಾರವನ್ನೂ ನೂರಾರು ಮೈಲಿ ಆಚೆ ಹಿಡಿದ ದಾಖಲೆ ಎಲ್ಲ ದೇಶದಲ್ಲೂ ಇದೆ.

ಕಾಲು_ತರಂಗ

ಹೋಗುತ್ತಿತ್ತು, ಒಪ್ಪಿದೆ. ಹಗಲು ಅಲೆಯನ್ನು ಹೀರುವ, ವಾತಾವರಣದ ಎತ್ತರದಲ್ಲಿರುವ ‘ಡಿ’ ಪದರ ಸೂರ್ಯ ಮುಳುಗಿದ ಮೇಲೆ ಕರಗುತ್ತದೆ, ಮೇಲಿನ ಪದರಗಳು ಅಲೆಯನ್ನು ವಾಪಸು ನೆಲಕ್ಕೆ ತಿರುಗಿಸುತ್ತವೆ. ಆಗ ಎಲ್ಲಿಂದೆಲ್ಲೋ ಕೇಳಿಸಬಹುದು. ಆದರೆ ಹಾಗೆ ಒಂದು ರಾತ್ರಿ ಕೇಳಿಸಿದ್ದನ್ನು ‘ವ್ಯಾಪ್ತಿ’ ಅನ್ನುವುದಿಲ್ಲ. ದಿನಾ ಸಂಜೆ ಅದೇ ಮನೆಯಲ್ಲಿ ಅದೇ ಸ್ಪಷ್ಟತೆಯಲ್ಲಿ ಸಂಗೀತ ಕೇಳಿಸಿದರೆ ಅದು ವ್ಯಾಪ್ತಿ. ಆಕಾಶದಿಂದ ಬಂದ ಅಲೆ ಏರುತ್ತದೆ, ಇಳಿಯುತ್ತದೆ, ನೆಲದ ಅಲೆಯ ಜೊತೆ ಬೆರೆತ ಕಡೆ ದನಿ ಒಡೆದು ಕೀರಲಾಗುತ್ತದೆ. ವೀಣೆ ಕೇಳುವವರು ಎರಡೇ ನಿಮಿಷಕ್ಕೆ ಆರಿಸಿಬಿಡುತ್ತಾರೆ.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಟ್ರಾನ್ಸ್‌ಮಿಟರಿನ ವ್ಯಾಟೇ ಬೇರೆ, ಗಾಳಿಗೆ ಹೋಗುವ ವ್ಯಾಟೇ ಬೇರೆ. ಮೈಸೂರು ನಿಲಯದ ಏರಿಯಲ್‌ನ (ಆಂಟೆನಾದ) ಅಳತೆ ಅಂತ ಇದನ್ನು ಓದಬೇಡಿ, ಬರೀ ಉದಾಹರಣೆ: 1000 ಕಿಲೋಹರ್ಟ್ಸ್‌ನಲ್ಲಿ ತರಂಗಾಂತರ 300 ಮೀಟರ್. ಮನೆ ಹಿತ್ತಲಿನಲ್ಲಿ 20 ಮೀಟರ್ ಎತ್ತರದ ತಂತಿ ಎಬ್ಬಿಸಿದರೆ ಅದರ ವಿಕಿರಣ ರೋಧ (ಶಕ್ತಿಯನ್ನು ಗಾಳಿಗೆ ಬಿಡುವ ಸಾಮರ್ಥ್ಯದ ಅಳತೆ) ಎರಡು ಓಮ್ ಕೂಡ ಇಲ್ಲ, ಸುಮಾರು 1.8. ನೆಲದ ರೋಧ 10 ಓಮ್ ಇದ್ದರೆ 50 ವ್ಯಾಟಿನಲ್ಲಿ 42 ವ್ಯಾಟ್ ಮಣ್ಣು ಕಾಯಿಸುವುದಕ್ಕೇ ಹೋಗುತ್ತದೆ. ಗಾಳಿಗೆ ಬರುವುದು ಏಳೆಂಟು ವ್ಯಾಟ್.

ಇದಕ್ಕೇ ಆ ಕಾಲದ ಚಿಕ್ಕ ನಿಲಯಗಳು ಎರಡು ಕಂಬ ನೆಟ್ಟು ನಡುವೆ ಅಡ್ಡ ತಂತಿ ಕಟ್ಟಿ, ಮಧ್ಯದಿಂದ ಒಂದು ತಂತಿ ಇಳಿಬಿಡುತ್ತಿದ್ದದ್ದು. ನೋಡಲು ಟಿ ಅಕ್ಷರ. ಅಡ್ಡ ತಂತಿ ತಾನಾಗಿ ಹೆಚ್ಚು ಹೊರಸೂಸುವುದಿಲ್ಲ, ಆದರೆ ನಿಂತ ತಂತಿಯ ತುದಿಯವರೆಗೂ ಕರೆಂಟು ತುಂಬಿ ಹರಿಯುವಂತೆ ಮಾಡುತ್ತದೆ. ಪೂರ್ತಿ ಪರಿಣಾಮ ಸಿಕ್ಕರೆ ವಿಕಿರಣ ರೋಧ ನಾಲ್ಕು ಪಟ್ಟಾಗುತ್ತದೆ, ಅದೇ 50 ವ್ಯಾಟಿನಲ್ಲಿ 20 ವ್ಯಾಟ್ ಗಾಳಿಗೆ ಸಿಗುತ್ತದೆ. ಟ್ರಾನ್ಸ್‌ಮಿಟರ್ ಮುಟ್ಟದೆ ಎರಡೂವರೆ ಪಟ್ಟು ಲಾಭ.

ಸೀರೀಸ್_ಲ್ಯಾಂಪ್

ಇದರ ಜೊತೆಗೆ ಮಾಡ್ಯುಲೇಟರ್, ಅಂದರೆ ದನಿಯನ್ನು ರೇಡಿಯೋ ಅಲೆಗೆ ಬೆರೆಸುವ ಭಾಗದ ಖರ್ಚನ್ನೂ ಸೇರಿಸಿ. ವಾಲ್ವ್ ಕಾಲದ ಪ್ಲೇಟ್ ಮಾಡ್ಯುಲೇಷನ್‌ನಲ್ಲಿ 250 ವ್ಯಾಟ್ ಕ್ಯಾರಿಯರನ್ನು (ದನಿ ಹೊತ್ತೊಯ್ಯುವ ಅಲೆಯನ್ನು) ಪೂರ್ತಿ ಕುಣಿಸಬೇಕಾದರೆ ಕಡಿಮೆಯೆಂದರೂ ಅದರ ಅರ್ಧ, 125 ವ್ಯಾಟಿಗೂ ಹೆಚ್ಚು ಆಡಿಯೋ ಬೇಕು. ಮೂವತ್ತರ ದಶಕದಲ್ಲಿ 125 ವ್ಯಾಟಿನ ಆಂಪ್ಲಿಫೈಯರ್ ಅಂದರೆ ಸಿನಿಮಾ ಮಂದಿರಕ್ಕೂ ಜಾಸ್ತಿ. ಮೈಕಿನ ಮುಂದೆ ಯಾರೋ ಮೇಜು ಕುಟ್ಟಿದರೆ ಮಾಡ್ಯುಲೇಷನ್ ಶೇಕಡಾ ನೂರು ದಾಟಿ ಕ್ಯಾರಿಯರ್ ಆ ಕ್ಷಣ ಕಡಿದುಹೋಗುತ್ತದೆ. ಅದರ ಗರಗರ ಅಕ್ಕಪಕ್ಕದ ನಿಲಯಗಳ ಮೇಲೂ ಬೀಳುತ್ತದೆ. ಹೆದರಿ ಆಡಿಯೋ ಇಳಿಸಿದರೆ ಕೇಳುಗರ ಕಡೆ ದನಿ ಸಣ್ಣಗಾಗಿ ಬರೀ ಗುಂಯ್ ಅನ್ನುತ್ತದೆ. ಲೆವೆಲ್ ಹಿಡಿದು ಕೂರುವ ಆಳು ಅಲ್ಲಿ ಕಲಾವಿದರಷ್ಟೇ ಮುಖ್ಯ.

ಎಚ್‌ಟಿ, ಅಂದರೆ ವಾಲ್ವುಗಳಿಗೆ ಬೇಕಾದ ಹೆಚ್ಚು ವೋಲ್ಟೇಜಿನ ಸಪ್ಲೈಗೆ ಪಾದರಸದ ಆವಿಯ ರೆಕ್ಟಿಫೈಯರ್ ವಾಲ್ವ್ ಬಳಸುತ್ತಿದ್ದ ಕಾಲ ಅದು. 866ರಂಥದ್ದು ಅಂದುಕೊಳ್ಳಿ. ಹೊಸದಾಗಿ ಕೂರಿಸಿದಾಗ ಬರೀ ಫಿಲಮೆಂಟ್ ಹಚ್ಚಿ ಕಾಲು ಗಂಟೆಯಾದರೂ ಬಿಡಬೇಕು, ಸಾಗಣೆಯಲ್ಲಿ ಕುಲುಕಿ ಪ್ಲೇಟಿಗೆ ಅಂಟಿದ ಪಾದರಸ ಆವಿಯಾಗಿ ಕೆಳಗೆ ಇಳಿಯುವವರೆಗೆ. ದಿನನಿತ್ಯವಾದರೂ ಅರ್ಧ ನಿಮಿಷ ಕಾದು ಆಮೇಲೆ ಎಚ್‌ಟಿ. ಆತುರ ಪಟ್ಟರೆ ಒಳಗೇ ಬೆಂಕಿ ಹಾರಿ ವಾಲ್ವ್ ಹೋಗುತ್ತದೆ, ಜೊತೆಗೆ ಟ್ರಾನ್ಸ್‌ಫಾರ್ಮರನ್ನೂ ಕರೆದುಕೊಂಡು ಹೋಗುತ್ತದೆ. ಆರು ಗಂಟೆ ಪ್ರಸಾರಕ್ಕೆ ಐದು ಐವತ್ತೊಂಬತ್ತಕ್ಕೆ ಸ್ವಿಚ್ ಹಾಕಿದರೆ ಆಗದು ಅನ್ನುವುದು ಇದಕ್ಕೆ.

ಬಸವನಗುಡಿ_ಕಡತ

ಸರಿ, ‘ಮೂಲೆಮೂಲೆ’ ಹೋಯಿತು. ‘ಮೈಸೂರು ನಗರ ಮತ್ತು ಆಸುಪಾಸು’ ಅಂತ ಹಾಕಿದೆ. ಇನ್ನು 1955?

ಕ್ಯೂಶೀಟ್

‘ಮುಚ್ಚಿತು’ ಅಲ್ಲ, ‘ಬೆಂಗಳೂರಿಗೆ ಬಂತು’. 1947ರಲ್ಲಿ ನಮ್ಮ ಪಾಲಿಗೆ ಉಳಿದ ಆಲ್ ಇಂಡಿಯಾ ರೇಡಿಯೋ ನಿಲಯಗಳು ಆರು: ದೆಹಲಿ, ಮುಂಬೈ, ಕಲ್ಕತ್ತಾ, ಮದರಾಸು, ತಿರುಚಿರಾಪಳ್ಳಿ, ಲಖನೌ. ಕನ್ನಡ ನಾಡಿನಲ್ಲಿ ಒಂದೂ ಇಲ್ಲ ಗಮನಿಸಿ. ಸಂಸ್ಥಾನಗಳದ್ದು ಐದು ಬೇರೆ ಇದ್ದವು: ಮೈಸೂರು, ಬರೋಡಾ, ಹೈದರಾಬಾದ್, ಔರಂಗಾಬಾದ್, ತಿರುವನಂತಪುರ. ಸಂಸ್ಥಾನಗಳು ಒಕ್ಕೂಟ ಸೇರಿದ ಮೇಲೆ ನಿಲಯಗಳೂ ಸೇರಿದವು, ಮೈಸೂರಿನದು 1950ರಲ್ಲಿ. ಅದೇ ವರ್ಷ ಜನವರಿ 8ಕ್ಕೆ ಧಾರವಾಡ ನಿಲಯ ಶುರುವಾಗಿತ್ತು. 1955ರ ನವೆಂಬರ್ 2ರಂದು ಬೆಂಗಳೂರು ನಿಲಯ ಬಂತು, ಮೈಸೂರಿನ ಕೆಲಸವೆಲ್ಲ ಇಲ್ಲಿಗೆ ವರ್ಗವಾಯಿತು.

ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ರಾಜಧಾನಿ ಇಲ್ಲಿ, ವಿಧಾನಮಂಡಲ ಇಲ್ಲಿ, ಸುದ್ದಿ ಹುಟ್ಟುವುದು ಇಲ್ಲಿ. ಇಡೀ ರಾಜ್ಯಕ್ಕೆ ಕೇಳಿಸುವ ದೊಡ್ಡ ಟ್ರಾನ್ಸ್‌ಮಿಟರಿಗೆ ದುಡ್ಡು ಸುರಿಯುವುದಾದರೆ ಅದನ್ನು ರಾಜಧಾನಿಯಲ್ಲೇ ಇಡುತ್ತಾರೆ. ಹತ್ತಿರ ಹತ್ತಿರ 130 ಕಿಲೋಮೀಟರ್ ದೂರದ ಎರಡು ಊರಿನಲ್ಲಿ ಎರಡು ಪೂರ್ಣ ನಿಲಯ ನಡೆಸುವ ಕಾಲವಲ್ಲ ಅದು. ಮೈಸೂರಿಗೆ ಮತ್ತೆ ಆಕಾಶವಾಣಿ ನಿಲಯ ಬಂದದ್ದು 1974ರಲ್ಲಿ. ಯಾದವಗಿರಿಯ ಈಗಿನ ನಿಲಯ ಅದೇ, ಈಗ 100.6 ಎಫ್‌ಎಂ.

ಇನ್ನೊಂದು ತಿರುವು ಫಲಕಕ್ಕೆ ಬೇಕೇ ಬೇಕು. ಮೈಸೂರಿನ ಹೆಸರನ್ನು ದೆಹಲಿ ಐವತ್ತರ ದಶಕದ ಉತ್ತರಾರ್ಧದಲ್ಲಿ ಇಡೀ ದೇಶಕ್ಕೆ ತೆಗೆದುಕೊಂಡಿತು. ಆದರೂ ಇಂಗ್ಲಿಷಿನಲ್ಲಿ ‘ಆಲ್ ಇಂಡಿಯಾ ರೇಡಿಯೋ’ ನಡೆಯುತ್ತಲೇ ಇತ್ತು. 2023ರ ಮೇ ತಿಂಗಳಲ್ಲಿ ಅದನ್ನೂ ಬಿಟ್ಟು ‘ಆಕಾಶವಾಣಿ’ ಒಂದೇ ಅಂತ ಆದೇಶವಾಯಿತು. ಒಂಟಿಕೊಪ್ಪಲಿನ ಮನೆಯೊಂದರಲ್ಲಿ ಬಳಸಿದ ಹೆಸರು 88 ವರ್ಷ ತೆಗೆದುಕೊಂಡು ಪೂರ್ತಿ ಗೆದ್ದಿತು.

ಮಲ್ಲೇಶ್ವರಂ_ಮಿಡ್‌ವೇವ್

‘ಊರಿನ ಎಎಂ ನಿಲಯ’ ಅನ್ನುವುದನ್ನು ವಿವರಿಸಲು ಭದ್ರಾವತಿಯನ್ನೂ ಪಕ್ಕದಲ್ಲಿಡಿ. 1965ರಲ್ಲಿ ಶುರುವಾದ ನಿಲಯ, 675 ಕಿಲೋಹರ್ಟ್ಸ್, 20 ಕಿಲೋವ್ಯಾಟ್. ಜಿಲ್ಲಾ ಕೇಂದ್ರ ಶಿವಮೊಗ್ಗ ಪಕ್ಕದಲ್ಲಿದ್ದರೂ ನಿಲಯ ಬಂದದ್ದು ಕಾರ್ಖಾನೆಯ ಊರಿಗೆ. ಮಲೆನಾಡಿನಲ್ಲಿ ಎಫ್‌ಎಂ ಗುಡ್ಡಕ್ಕೆ ಬಡಿದು ನಿಂತುಬಿಡುತ್ತದೆ, ಮೀಡಿಯಂ ವೇವ್ ಕಣಿವೆಗೂ ಇಳಿಯುತ್ತದೆ. ಅಡಿಕೆ ತೋಟದ ಮನೆಗಳಲ್ಲಿ ಆ ನಿಲಯಕ್ಕಿದ್ದ ಬೆಲೆಗೆ ಕಾರಣ ಕಾರ್ಯಕ್ರಮ ಎಷ್ಟೋ ತರಂಗಾಂತರವೂ ಅಷ್ಟೇ.

ಚಿಕ್ಕ ಊರುಗಳಿಗೆ ‘ಸ್ಥಳೀಯ ನಿಲಯ’ ಅನ್ನುವ ಹೊಸ ಮಾದರಿ ಬಂದದ್ದು ಆಮೇಲೆ, 1984ರಲ್ಲಿ ನಾಗರಕೋಯಿಲ್‌ನಿಂದ. ಹಾಸನ, ಚಿತ್ರದುರ್ಗ, ಮಡಿಕೇರಿ, ಕಾರವಾರದ್ದೆಲ್ಲ ಎಫ್‌ಎಂ.

ಕಾಲು_ತರಂಗ

675ರ ಲೆಕ್ಕವನ್ನೇ ತಗೊಳ್ಳಿ. ತರಂಗಾಂತರ 444.4 ಮೀಟರ್, ಕಾಲು ತರಂಗ 111 ಮೀಟರ್. ಪೂರ್ಣ ಕಾಲು ತರಂಗದ ಕಂಬ ಅಂದರೆ ಮೂವತ್ತು ಮಹಡಿ ಎತ್ತರ. ಆದರೆ ಅರ್ಧ ಆಂಟೆನಾ ಮಣ್ಣೊಳಗೆ ಇರುತ್ತದೆ, ಅದನ್ನು ಯಾರೂ ಫೋಟೋ ತೆಗೆಯುವುದಿಲ್ಲ. ಪುಸ್ತಕದ ಪ್ರಕಾರ ಕಂಬದ ಬುಡದಿಂದ ಸುತ್ತಲೂ 120 ತಾಮ್ರದ ತಂತಿ, ಚಕ್ರದ ಅರಗಳ ಹಾಗೆ, ಒಂದೊಂದೂ ಕಾಲು ತರಂಗ ಉದ್ದ, ಅರ್ಧದಿಂದ ಒಂದು ಅಡಿ ಆಳದಲ್ಲಿ. ಗುಣಿಸಿ ನೋಡಿ: 13 ಕಿಲೋಮೀಟರಿಗೂ ಹೆಚ್ಚು ತಾಮ್ರ! ಕಳ್ಳರಿಗೆ ಗೊತ್ತಾದರೆ ಮುಗೀತು. ಬೇಲಿ ಇಲ್ಲದ ಕಡೆ ನೇಗಿಲಿಗೂ ಸಿಗುತ್ತದೆ. ಒಂದೆರಡು ತಂತಿ ಹೋದರೆ ಗೊತ್ತಾಗುವುದಿಲ್ಲ, ಮೂವತ್ತು ಹೋದಾಗ ‘ಯಾಕೋ ಆ ದಿಕ್ಕಿನಲ್ಲಿ ಕೇಳಿಸ್ತಿಲ್ಲ’ ಅನ್ನುವ ಕಾಗದಗಳು ಬರುತ್ತವೆ.

ಕಂಬ ನಿಂತಿರುವುದು ಪಿಂಗಾಣಿಯ ಇನ್ಸುಲೇಟರ್ ಮೇಲೆ. ಪಕ್ಕದಲ್ಲಿ ಎರಡು ಗುಂಡಿನ ಸ್ಪಾರ್ಕ್ ಗ್ಯಾಪ್, ಸಿಡಿಲು ಬಡಿದರೆ ಅದರ ಮೂಲಕ ನೆಲಕ್ಕೆ ಇಳಿಯಲಿ ಅಂತ. ಗ್ಯಾಪ್ ಜಾಸ್ತಿ ಬಿಟ್ಟರೆ ಸಿಡಿಲು ಟ್ಯೂನಿಂಗ್ ಗುಡಿಸಲಿಗೆ (ಟ್ರಾನ್ಸ್‌ಮಿಟರನ್ನು ಕಂಬಕ್ಕೆ ಹೊಂದಿಸುವ ಪುಟ್ಟ ಕೋಣೆಗೆ) ನುಗ್ಗುತ್ತದೆ. ಕಡಿಮೆ ಬಿಟ್ಟರೆ ಮಳೆ ಹನಿಗೋ ಜೋರು ಮಾಡ್ಯುಲೇಷನ್ನಿಗೋ ತಾನೇ ಕಿಡಿ ಹಾರಿ ಟ್ರಾನ್ಸ್‌ಮಿಟರ್ ಟ್ರಿಪ್ ಆಗುತ್ತದೆ. ಟ್ಯೂನಿಂಗ್ ಗುಡಿಸಲಿನ ಕಾಯಿಲ್ ಬೆಚ್ಚಗಿರುತ್ತದೆ, ಅದಕ್ಕೆ ಹಲ್ಲಿ ಬಂದು ಸೇರುತ್ತದೆ. ಕೆಪಾಸಿಟರ್ ಪ್ಲೇಟುಗಳ ನಡುವೆ ತಲೆ ಹಾಕಿದ ಹಲ್ಲಿ ಇಡೀ ಜಿಲ್ಲೆಯ ಪ್ರಸಾರ ನಿಲ್ಲಿಸಬಲ್ಲದು. ದೊಡ್ಡ ಜೇಡ, ಇರುವೆ ಗೂಡು ಕೂಡ ಇದೇ ಪಟ್ಟಿಯಲ್ಲಿವೆ.

ಕ್ಯೂಶೀಟ್

ಸ್ಟುಡಿಯೋ ಕಡೆಯದ್ದೂ ಸ್ವಲ್ಪ ಇರಲಿ. ಉಪಗ್ರಹ ಬರುವ ಮೊದಲು ಚಿಕ್ಕ ನಿಲಯಗಳು ದೆಹಲಿಯ ವಾರ್ತೆಯನ್ನು ಟೆಲಿಫೋನ್ ಇಲಾಖೆಯ ಲೈನ್ ಮೂಲಕವೋ ಶಾರ್ಟ್‌ವೇವ್‌ನಲ್ಲಿ ಹಿಡಿದೋ ಮರುಪ್ರಸಾರ ಮಾಡುತ್ತಿದ್ದವು. ಕೇಳುಗರಿಗೆ ‘ವಾರ್ತೆ ಹೊತ್ತಿಗೆ ಮಾತ್ರ ದನಿ ಅಲೆಅಲೆಯಾಗಿ ಬರುತ್ತೆ’ ಅನ್ನಿಸುತ್ತಿದ್ದದ್ದು ಇದಕ್ಕೆ. ತೊಂದರೆ ಅವರ ರೇಡಿಯೋದ್ದಲ್ಲ. ಮಧ್ಯೆ ಲೈನ್ ಬಿದ್ದರೆ ಡ್ಯೂಟಿ ರೂಮಿನಲ್ಲಿ ಫಿಲ್ಲರ್ ಸಿದ್ಧ ಇರಬೇಕು, ಸಾಮಾನ್ಯವಾಗಿ ಎರಡು ಮೂರು ನಿಮಿಷದ ವಾದ್ಯ ಸಂಗೀತ. ಎಷ್ಟು ಸೆಕೆಂಡ್ ಮೌನ ಇತ್ತು ಅಂತ ಲಾಗ್ ಪುಸ್ತಕದಲ್ಲಿ ಬರೆಯಬೇಕು.

ಸ್ಪೂಲ್ ಟೇಪು ಕಾಲಿಂಚು ಅಗಲ. ಸೆಕೆಂಡಿಗೆ ಏಳೂವರೆ ಇಂಚು ಓಡಿಸಿದರೆ 1200 ಅಡಿಯ ಸ್ಪೂಲ್ 32 ನಿಮಿಷ ಬರುತ್ತದೆ. ಅರ್ಧ ಗಂಟೆಯ ನಾಟಕ, ಮೇಲೆರಡು ನಿಮಿಷ ಕೈಯಲ್ಲಿ. ಎಡಿಟಿಂಗ್ ಅಂದರೆ ಬ್ಲೇಡು. ಓರೆಯಾಗಿ 45 ಡಿಗ್ರಿಗೆ ಕತ್ತರಿಸಿ, ಎರಡು ತುದಿ ಕೂಡಿಸಿ, ಹೊಳಪಿನ ಬದಿಗೆ ಸ್ಪ್ಲೈಸಿಂಗ್ ಟೇಪ್ ಹಚ್ಚುವುದು. ನೇರ ಕತ್ತರಿಸಿದರೆ ಕೂಡಿದ ಜಾಗ ಟಕ್ ಅನ್ನುತ್ತದೆ. ಸೆಲ್ಲೋಟೇಪ್ ಹಚ್ಚಿದರೆ ಬೇಸಿಗೆಯಲ್ಲಿ ಅಂಟು ಒಸರಿ ಪಕ್ಕದ ಸುತ್ತಿಗೆ ಅಂಟಿಕೊಳ್ಳುತ್ತದೆ. ಪ್ರದರ್ಶನಕ್ಕೆ ಹಳೇ ಸ್ಪೂಲ್ ಸಿಕ್ಕರೆ ದಯವಿಟ್ಟು ‘ಒಂದ್ಸಲ ಹಾಕಿ ನೋಡೋಣ’ ಅನ್ನಬೇಡಿ. ಬೂಷ್ಟು ಹಿಡಿದ, ಅಂಟಂಟಾದ ಟೇಪನ್ನು ಓಡಿಸಿದರೆ ಹೆಡ್ಡಿನ ಮೇಲೆ ಕಂದು ಪುಡಿ ಉದುರುತ್ತದೆ. ಆ ಪುಡಿಯೇ ಧ್ವನಿ, ಮತ್ತೆ ಸಿಗುವುದಿಲ್ಲ.

ವಿಜಯನಗರ_ವಾಲ್ವ್

ಪ್ರದರ್ಶನದ ರೇಡಿಯೋಗೆ ಬರೋಣ. ಸೆಟ್ಟಿನ ಕಾಲ ತಿಳಿಯಲು ಡಯಲ್ ಗಾಜು ನೋಡಿ. ಮೇಲೆ ಧಾರವಾಡ ಅಂತ ಮುದ್ರಿಸಿದ್ದರೆ 1950ರ ನಂತರದ್ದು. ಕಿಲೋಹರ್ಟ್ಸ್ ಬದಲು ಕಿಲೋಸೈಕಲ್ ಅಂತಿದ್ದರೆ ಹೆಚ್ಚಾಗಿ ಎಪ್ಪತ್ತರ ದಶಕಕ್ಕೆ ಮೊದಲಿನದು. ಹಳೇ ಕಾರ್ಯಕ್ರಮ ಪಟ್ಟಿಗಳಿಗೆ ಇನ್ನೊಂದು ಸುಲಭ ಪರೀಕ್ಷೆ: ಆವರ್ತನವನ್ನು 9ರಿಂದ ಭಾಗಿಸಿ. ನಿಲಯಗಳಿಗೆ ಆವರ್ತನ ಹಂಚುವ ಅಂತರರಾಷ್ಟ್ರೀಯ ಜಿನೀವಾ ಯೋಜನೆ 1978ರ ನವೆಂಬರ್ 23ಕ್ಕೆ ಜಾರಿಯಾದ ಮೇಲೆ ನಮ್ಮ ಭಾಗದ ಮೀಡಿಯಂ ವೇವ್ ನಿಲಯಗಳೆಲ್ಲ 9ರ ಮಗ್ಗಿಗೆ ಬಂದವು. 612 ಅಂದರೆ 68 ಒಂಬತ್ತಲೆ. ಭದ್ರಾವತಿ 675, ಧಾರವಾಡ 765, ಮಂಗಳೂರು 1089, ಕಲಬುರಗಿ 1107, ಎಲ್ಲವೂ ಭಾಗವಾಗುತ್ತವೆ. ಶೇಷ ಉಳಿದರೆ ಆ ಕಾಗದ 1978ಕ್ಕಿಂತ ಹಳೆಯದು, ಇಲ್ಲವೇ ಮುದ್ರಣ ದೋಷ.

ರೆಮ್ಕೋ ಸೆಟ್ ಸಿಕ್ಕರೆ ಬೆಂಗಳೂರಿನ ಪ್ರದರ್ಶನಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲೇ ತಯಾರಾದದ್ದು. ಕಂಪನಿ 1980ರಲ್ಲಿ ಬಿಎಚ್‌ಇಎಲ್ ಜೊತೆ ಸೇರಿಹೋಯಿತು, ಈಗ ಬಡಾವಣೆಯ ಹೆಸರಿನಲ್ಲಿ ಮಾತ್ರ ಉಳಿದಿದೆ.

ಯಾವ ವಾಲ್ವ್ ಸೆಟ್ಟೇ ಆಗಲಿ, ಅಟ್ಟದಿಂದ ಇಳಿಸಿ ನೇರ ಪ್ಲಗ್ಗಿಗೆ ಹಾಕಬೇಡಿ. ಮೊದಲು ಹಿಂದಿನ ರಟ್ಟು ತೆಗೆದು ಧೂಳು ಬ್ರಶ್ಶಿನಲ್ಲಿ ಕೆಡವಿ. ಫಿಲ್ಟರ್ ಕೆಪಾಸಿಟರ್ ಉಬ್ಬಿದ್ದರೆ, ಬುಡದಲ್ಲಿ ಬಿಳಿ ಪುಡಿ ಇದ್ದರೆ ಬದಲಾಯಿಸಿ. 32 ಮೈಕ್ರೋಫ್ಯಾರಡ್ ಇದ್ದ ಜಾಗಕ್ಕೆ 33 ಮೈಕ್ರೋ 450 ವೋಲ್ಟಿನದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ. ಇನ್ನೊಂದು ಚಿಕ್ಕದು, ಜನ ಮರೆಯುವುದು: ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಬರುವ 0.01 ಮೈಕ್ರೋ ಕಪ್ಲಿಂಗ್ ಕೆಪಾಸಿಟರ್. ಹಳೇ ಕಾಗದದ್ದಾದರೆ ಲೀಕ್ ಆಗೇ ಇರುತ್ತದೆ, ಗ್ರಿಡ್ ಪಾಸಿಟಿವ್ ಆಗಿ ಇಎಲ್84ರಂಥ ಔಟ್‌ಪುಟ್ ವಾಲ್ವಿನ ಪ್ಲೇಟ್ ಕೆಂಪಗೆ ಕಾಯುತ್ತದೆ. ಹತ್ತು ನಿಮಿಷ ಹಾಡಿ ಆಮೇಲೆ ಕರಕಲು ವಾಸನೆ. ಅದನ್ನು ನೋಡದೆ ಬದಲಾಯಿಸಿಬಿಡಿ, 630 ವೋಲ್ಟಿನ ಪಾಲಿಯೆಸ್ಟರ್ ಹಾಕಿ.

ಸೀರೀಸ್_ಲ್ಯಾಂಪ್

ಹೆಸರಿಗೆ ತಕ್ಕ ಹಾಗೆ ಒಂದು ಮಾತು. ಮೊದಲ ಸಲ ಕರೆಂಟು ಕೊಡುವಾಗ 60 ವ್ಯಾಟಿನ ಹಳೇ ನಮೂನೆಯ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ. ಎಲ್‌ಇಡಿ ಬಲ್ಬು ಇದಕ್ಕೆ ಬರುವುದಿಲ್ಲ. ಬಲ್ಬು ಒಮ್ಮೆ ಹೊಳೆದು ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ಆರಿಸಿ.

ಪ್ರದರ್ಶನ ಅಂದಮೇಲೆ ಮಕ್ಕಳು ಬರುತ್ತಾರೆ. ಯು ಅಕ್ಷರದಿಂದ ಶುರುವಾಗುವ ವಾಲ್ವುಗಳಿರುವ ಎಸಿ-ಡಿಸಿ ಸೆಟ್ಟುಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಚಾಸಿಗೇ (ಒಳಗಿನ ಲೋಹದ ತಳಕ್ಕೇ) ಕರೆಂಟು. ನಾಬ್ ಕಳಚಿದ್ದರೆ ಒಳಗಿನ ಲೋಹದ ಕಡ್ಡಿ ಮುಟ್ಟಿದರೂ ಹೊಡೆಯುತ್ತದೆ. ಅಂಥ ಸೆಟ್ಟನ್ನು ಗಾಜಿನ ಪೆಟ್ಟಿಗೆಯಲ್ಲಿ ತೋರಿಸಲು ಮಾತ್ರ ಇಡಿ. ಕೇಳಿಸಲು ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟೋ ಬ್ಯಾಟರಿ ಟ್ರಾನ್ಸಿಸ್ಟರೋ ಸಾಕು.

ಬಸವನಗುಡಿ_ಕಡತ

ಬ್ಯಾಟರಿ ಟ್ರಾನ್ಸಿಸ್ಟರನ್ನು ಸಭಾಂಗಣದಲ್ಲಿ ಇಟ್ಟು ನೋಡಿದ್ದಾಯಿತು. 612ರಲ್ಲಿ ಮಾತು ಬರುತ್ತೆ, ಅದರ ಮೇಲೆ ಜೋರು ಝೇಂಕಾರ. ಎಂಟು ಗಂಟೆ ಮೇಲೆ 675ರಲ್ಲಿ ಬರೀ ಗೊರಗೊರ.

ಮಲ್ಲೇಶ್ವರಂ_ಮಿಡ್‌ವೇವ್

ಬೆಂಗಳೂರಿನೊಳಗೆ 612ಕ್ಕೆ ಸಿಗ್ನಲ್ ಕೊರತೆ ಇಲ್ಲ, ಗಲಾಟೆ ಜಾಸ್ತಿ. ಸಭಾಂಗಣದ ಎಂಸಿಬಿ ಒಂದೊಂದಾಗಿ ಇಳಿಸುತ್ತಾ ಕೇಳಿ. ಯಾವ ಸಾಲು ಇಳಿಸಿದಾಗ ಝೇಂಕಾರ ನಿಲ್ಲುತ್ತದೋ ಆ ಸಾಲಿನಲ್ಲಿ ಹುಡುಕಿ. ರೇಡಿಯೋವನ್ನು ನಿಲಯ ಇಲ್ಲದ ಜಾಗಕ್ಕೆ ತಿರುಗಿಸಿ ಒಂದೊಂದು ದೀಪದ ಹತ್ತಿರ ಹಿಡಿದರೆ ತಪ್ಪಿತಸ್ಥ ತಾನೇ ಕೂಗುತ್ತಾನೆ. ಸಾಮಾನ್ಯವಾಗಿ ಅಗ್ಗದ ಎಲ್‌ಇಡಿ ಡ್ರೈವರ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಮೊಬೈಲ್ ಚಾರ್ಜರ್, ವೈಫೈ ರೂಟರಿನ ಅಡಾಪ್ಟರ್. ಪ್ರದರ್ಶನದ ಹೊತ್ತಿನಲ್ಲಿ ಆ ಮೂಲೆಯ ನಾಲ್ಕೈದು ದೀಪ ಆರಿಸಿ, ಬ್ಯಾಟರಿ ದೀಪ ಇಡಿ. ಸೆಟ್ಟನ್ನು ಕಿಟಕಿ ಹತ್ತಿರ ಹಾಕಿ. ಕಾಂಕ್ರೀಟಿನ ಸರಳು ಅರ್ಧ ಸಿಗ್ನಲನ್ನು ಹೊರಗೇ ತಡೆಯುತ್ತದೆ.

ಇನ್ನೊಂದು, ಡಿಆರ್‌ಎಂ. ಅಂದರೆ ಡಿಜಿಟಲ್ ಪ್ರಸಾರ. ಅದು ಮಾಮೂಲಿ ಪ್ರಸಾರದ ಜೊತೆ ಜೋಡಿಯಾಗಿ ಹೋಗುವಾಗ ಪಕ್ಕದ ಚಾನೆಲ್ಲಿನಲ್ಲಿ ಇರುತ್ತದೆ, ಹಳೇ ಸೆಟ್ಟಿನಲ್ಲಿ ‘ಶ್’ ಅನ್ನುವ ಸದ್ದಾಗಿ ಕೇಳಿಸುತ್ತದೆ. ಡಯಲ್ಲನ್ನು ಆ ಕಡೆಯಿಂದ ಕೂದಲೆಳೆಯಷ್ಟು ದೂರ ಸರಿಸಿದರೆ ಮಾತು ತಿಳಿಯಾಗುತ್ತದೆ. ಬರೀ ಡಿಜಿಟಲ್ ಹೋಗುತ್ತಿರುವ ಹೊತ್ತಿನಲ್ಲಿ ಹಳೇ ಸೆಟ್ಟಿನಲ್ಲಿ ಮಾತೇ ಬರುವುದಿಲ್ಲ, ಸೆಟ್ ಕೆಟ್ಟಿದೆ ಅಂದುಕೊಳ್ಳಬೇಡಿ. ಕಾರ್ಯಕ್ರಮದ ಹಿಂದಿನ ವಾರ ಅದೇ ಗಂಟೆಯಲ್ಲಿ ಕೇಳಿ ಗುರುತು ಮಾಡಿಕೊಳ್ಳಿ.

ಕಾಲು_ತರಂಗ

675ಕ್ಕೆ ಲೂಪ್ ಏರಿಯಲ್ ಕಟ್ಟಿ. ಅರ್ಧ ದಿನದ ಕೆಲಸ.

ಮರದ ಪಟ್ಟಿಯಲ್ಲಿ ಅಧಿಕ ಚಿಹ್ನೆ ಆಕಾರದ ಚೌಕಟ್ಟು ಮಾಡಿ, ತಂತಿ ಸುತ್ತಿದಾಗ ಚೌಕದ ಒಂದೊಂದು ಬದಿ 60 ಸೆಂಟಿಮೀಟರ್ ಬರಬೇಕು. ಅಂದರೆ ಪಟ್ಟಿಗಳು 85 ಸೆಂಟಿಮೀಟರ್ ಉದ್ದ. ತುದಿಗಳಲ್ಲಿ 5 ಮಿಲಿಮೀಟರಿಗೊಂದರಂತೆ ಗರಗಸದ ಗೀರು ಹಾಕಿ. ಪ್ಲಾಸ್ಟಿಕ್ ಹೊದಿಕೆಯ ಮಾಮೂಲಿ ಹುಕ್‌ಅಪ್ ವೈರ್ 30 ಮೀಟರ್ ತಂದು 12 ಸುತ್ತು ಸುತ್ತಿ. ಸುತ್ತುಗಳನ್ನು ಒತ್ತೊತ್ತಿಗೆ ಸುತ್ತಿದರೆ ಡಯಲ್ಲಿನ ಮೇಲ್ತುದಿಯ ನಿಲಯಗಳು ಕೈಬಿಡುತ್ತವೆ, ಅದಕ್ಕೇ ಗೀರು. ಇಷ್ಟಕ್ಕೆ ಇಂಡಕ್ಟನ್ಸ್ ಸುಮಾರು 200 ಮೈಕ್ರೋಹೆನ್ರಿ. ಎರಡು ತುದಿಗೂ ಗ್ಯಾಂಗ್ ಕಂಡೆನ್ಸರ್ (ನಿಲಯ ಹಿಡಿಯಲು ತಿರುಗಿಸುವ ಕೆಪಾಸಿಟರ್) ಹಾಕಿ. ಅಂಗಡಿಯಲ್ಲಿ ಗ್ಯಾಂಗ್ ಕೇಳಿದರೆ ಸಿಗುತ್ತದೆ, ಹಳೇ ಸೆಟ್ಟಿನಿಂದ ಬಿಚ್ಚಿದ್ದೂ ಆಗುತ್ತದೆ. 675ಕ್ಕೆ 270 ಪಿಎಫ್ (ಪಿಕೋಫ್ಯಾರಡ್), 612ಕ್ಕೆ 330 ಪಿಎಫ್ ಆಸುಪಾಸು ಬೇಕು. ಚಿಕ್ಕ ಪ್ಲಾಸ್ಟಿಕ್ ಗ್ಯಾಂಗಾದರೆ ಅಷ್ಟು ಬರುವುದಿಲ್ಲ, 220 ಪಿಎಫ್ ಬಿಡಿ ಕೆಪಾಸಿಟರೊಂದನ್ನು ಪ್ಯಾರಲಲ್ ಹಾಕಿಕೊಳ್ಳಿ.

ಲೂಪಿನಿಂದ ರೇಡಿಯೋಗೆ ತಂತಿ ಎಳೆಯಬೇಕಿಲ್ಲ. ಟ್ರಾನ್ಸಿಸ್ಟರನ್ನು ಚೌಕಟ್ಟಿನ ಮಗ್ಗುಲಲ್ಲಿ, ಒಳಗಿನ ಫೆರೈಟ್ ಕಡ್ಡಿ ಲೂಪಿನ ಸಮತಲಕ್ಕೆ ಲಂಬವಾಗುವಂತೆ ಇಡಿ. ರೇಡಿಯೋವನ್ನು 675ಕ್ಕೆ ನಿಲ್ಲಿಸಿ, ಗ್ಯಾಂಗ್ ನಿಧಾನ ತಿರುಗಿಸಿ. ಒಂದು ಬಿಂದುವಿನಲ್ಲಿ ದನಿ ಥಟ್ಟನೆ ಎದ್ದು ಬರುತ್ತದೆ.

ಬಸವನಗುಡಿ_ಕಡತ

ಲೂಪ್ ಯಾವ ದಿಕ್ಕಿಗೆ ಮುಖ ಮಾಡಬೇಕು ಸರ್?

ಕಾಲು_ತರಂಗ

ಮುಖ ಅಲ್ಲ, ಅಂಚು ನಿಲಯದ ಕಡೆ ಇರಬೇಕು. ಭದ್ರಾವತಿ ಇಲ್ಲಿಂದ ಸುಮಾರು 225 ಕಿಲೋಮೀಟರ್, ಪಶ್ಚಿಮಕ್ಕೆ ಸ್ವಲ್ಪ ಉತ್ತರ ಓರೆ. ಆ ರೇಖೆಗೆ ಚೌಕಟ್ಟಿನ ಅಂಚು ಹೊಂದಿಸಿ ಶುರು ಮಾಡಿ. ಆಮೇಲೆ ಕಿವಿ ಹೇಳಿದ ಹಾಗೆ. ಊರಿನ 612 ತುಂಬಾ ಬಲವಾಗಿದ್ದು 675ರ ಮೇಲೂ ಹಾಯುತ್ತಿದ್ದರೆ, ಭದ್ರಾವತಿ ಜೋರಾಗಿ ಕೇಳುವ ದಿಕ್ಕಿಗಿಂತ 612 ಸಣ್ಣಗಾಗುವ ದಿಕ್ಕು ನೋಡಿ. ಲೂಪಿಗೆ ಗರಿಷ್ಠ ಅಗಲವಾಗಿರುತ್ತದೆ, ಹತ್ತಿಪ್ಪತ್ತು ಡಿಗ್ರಿ ತಪ್ಪಿದರೂ ಗೊತ್ತಾಗುವುದಿಲ್ಲ. ಕನಿಷ್ಠ ಮಾತ್ರ ಸೂಜಿಮೊನೆ. ಲೂಪನ್ನು ಬೆರಳಷ್ಟೇ ತಿರುಗಿಸುತ್ತಾ ಹೋಗಿ, ಮುಖ ಪೂರ್ತಿ ನಿಲಯದ ಕಡೆ ತಿರುಗಿದಾಗ 612 ಥಟ್ಟನೆ ಕುಸಿಯುತ್ತದೆ.

ಎಲ್‌ಇಡಿ ಗಲಾಟೆಯನ್ನೂ ಹೀಗೇ ಕೊಲ್ಲಬಹುದು, ಅದು ಒಂದೇ ದಿಕ್ಕಿನಿಂದ ಬರುತ್ತಿದ್ದರೆ. ನಾಲ್ಕೂ ಗೋಡೆಯಿಂದ ಬಂದರೆ ಲೂಪಿಗೂ ಕೈಲಾಗದು, ಆಗ ಎಂಸಿಬಿಯೇ ಗತಿ.

ಬಸವನಗುಡಿ_ಕಡತ

12 ಸುತ್ತು ಸುತ್ತಿ ನೋಡಿದೆವು. 675 ಬಂದದ್ದು ಗ್ಯಾಂಗ್ ಹೆಚ್ಚುಕಡಿಮೆ ಪೂರ್ತಿ ಮುಚ್ಚಿದಾಗ. ಕೈ ಹತ್ತಿರ ತಂದರೆ ದನಿ ಏರುತ್ತೆ, ತೆಗೆದರೆ ಇಳಿಯುತ್ತೆ.

ವಿಜಯನಗರ_ವಾಲ್ವ್

ಗ್ಯಾಂಗಿನ ಒಂದೇ ಭಾಗ ಜೋಡಿಸಿದ್ದೀರಿ ಅನ್ನಿಸುತ್ತೆ. ಎರಡೂ ಭಾಗದ ಸ್ಥಿರ ಪ್ಲೇಟುಗಳ ತುದಿಗಳನ್ನು ಒಂದಕ್ಕೊಂದು ಸೇರಿಸಿ ಬೆಸುಗೆ ಹಾಕಿ. ಆಗ 675 ಡಯಲ್ಲಿನ ನಡುಭಾಗಕ್ಕೆ ಬರುತ್ತದೆ. ಕೈಯ ಪರಿಣಾಮಕ್ಕೆ ಕಾರಣ ಗ್ಯಾಂಗ್ ತಿರುಗಿಸುವ ಲೋಹದ ಕಡ್ಡಿಯಲ್ಲೂ ಸಿಗ್ನಲ್ ಇರುವುದು. ತಿರುಗುವ ಪ್ಲೇಟು, ಚೌಕಟ್ಟು, ಕಡ್ಡಿ ಎಲ್ಲ ಒಂದೇ ತುದಿ ಅಲ್ಲವೇ, ನಾಬ್ ಲೋಹದ್ದಿದ್ದರೆ ಬೆರಳು ನೇರ ಲೂಪಿಗೆ ಸೇರಿದ ಹಾಗೆ. ದೊಡ್ಡ ಪ್ಲಾಸ್ಟಿಕ್ ನಾಬ್ ಹಾಕಿ. ಅದೂ ಸಾಲದಿದ್ದರೆ ಕಡ್ಡಿಗೆ ಒಂದು ಗೇಣು ಉದ್ದದ ಮರದ ಗೂಟ ಜೋಡಿಸಿ, ಕೈ ದೂರದಿಂದಲೇ ತಿರುಗಿಸಲಿ.